ಹೊಸದಾಗಿ ಸ್ಟುವರ್ಡ್ ಆಗಿದ್ದೇನೆ, ಸಭೆಯಲ್ಲಿ ಕಾಣಿಕೆ ಮಾತು ಹೇಗೆ ಎತ್ತಲಿ?

ಹೊಸ ಸ್ಟುವರ್ಡ್:
ಎಲ್ಲರಿಗೂ ವಂದನೆ. ನಮ್ಮದು ಬೆಂಗಳೂರಿನ ಒಂದು ಚಿಕ್ಕ ಕನ್ನಡ ಮೆಥಡಿಸ್ಟ್ ಸಭೆ (ಚರ್ಚ್), ಸುಮಾರು ತೊಂಬತ್ತು ಮನೆ. ಅರ್ಧಕ್ಕರ್ಧ ಜನ ಕೋಲಾರ, ಬೀದರ್ ಕಡೆಯಿಂದ ಕೆಲಸ ಹುಡುಕಿ ಬಂದು ಇಲ್ಲೇ ನಿಂತವರು. ಈ ವರ್ಷ ನನ್ನನ್ನು ಸ್ಟುವರ್ಡ್, ಅಂದರೆ ಸಭೆಯ ಹಣಕಾಸು ನೋಡಿಕೊಳ್ಳುವವನನ್ನಾಗಿ ಮಾಡಿದ್ದಾರೆ. ಲೆಕ್ಕದ ಪುಸ್ತಕ ತೆಗೆದು ನೋಡಿದಾಗ ಎದೆ ಧಸಕ್ಕೆಂದಿತು. ಪಾಸ್ಟರ್ ಸಂಬಳ, ಕರೆಂಟ್ ಬಿಲ್ಲು, ಕಾನ್ಫರೆನ್ಸ್‌ಗೆ (ನಮ್ಮ ಸಭೆಗಳ ಮೇಲಿನ ಆಡಳಿತಕ್ಕೆ) ಕಟ್ಟುವ ಪಾಲು, ಇಷ್ಟಕ್ಕೇ ಬಂದದ್ದೆಲ್ಲ ಖಾಲಿ. ಕಾಯಿಲೆ ಬಿದ್ದವರಿಗೆ, ಮಕ್ಕಳ ಫೀಸಿಗೆ ಅಂತ ಏನೂ ಉಳಿಯುವುದಿಲ್ಲ. ಹೆಚ್ಚಿನ ಭಾರವನ್ನು ಹದಿನೈದೇ ಮನೆಯವರು ಹೊರುತ್ತಿದ್ದಾರೆ.

ಕಮಿಟಿಯಲ್ಲಿ ಎರಡು ಸಲಹೆ ಬಂದಿವೆ. ದಶಮಾಂಶ (ವರಮಾನದ ಹತ್ತನೇ ಒಂದು ಪಾಲು) ಕೊಟ್ಟವರ ಹೆಸರನ್ನು ಪ್ರಕಟಣೆಯ ಹೊತ್ತಿಗೆ ಓದುವುದು. ಇಲ್ಲವೇ ದಶಮಾಂಶ ಕೊಡದವರು ದೇವರಿಂದ ಕದಿಯುತ್ತಾರೆ ಅನ್ನುವ, ಬೈಬಲಿನ ಮಲಾಕಿಯ 3ನೇ ಅಧ್ಯಾಯ ಹಿಡಿದು ನಾಲ್ಕು ಭಾನುವಾರ ಪ್ರಸಂಗ ಮಾಡಿಸುವುದು. ಎರಡಕ್ಕೂ ನನ್ನ ಮನಸ್ಸು ಒಪ್ಪುತ್ತಿಲ್ಲ. ಆಫೀಸಿನಲ್ಲಿ ವಾರವೆಲ್ಲ ಟಾರ್ಗೆಟ್ ಟಾರ್ಗೆಟ್ ಅಂತ ಕೇಳಿ ಬರುವ ಜನ, ದೇವರ ಮನೆಯಲ್ಲೂ ಅದನ್ನೇ ಕೇಳಬೇಕಾ? ನಿಮ್ಮ ಸಭೆಗಳಲ್ಲಿ ಏನು ಮಾಡಿದ್ದೀರಿ, ದಯವಿಟ್ಟು ತಿಳಿಸಿ.

ಅಕ್ಕಿ ಡಬ್ಬಿ:
ಬ್ರದರ್, ಹೆಸರು ಓದುವುದು ಬೇಡವೇ ಬೇಡ. ನಾನು ಮೊದಲು ಹೋಗುತ್ತಿದ್ದ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಓದುತ್ತಿದ್ದರು. ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುವ ಒಬ್ಬ ಅಮ್ಮ ನನ್ನ ಪಕ್ಕದಲ್ಲೇ ಕೂರುತ್ತಿದ್ದರು. ಕಾಣಿಕೆ ಚೀಲ ಬಂದಾಗ ಹತ್ತು ರೂಪಾಯಿ ನೋಟನ್ನು ಚಿಕ್ಕದಾಗಿ ಮಡಚಿ, ಮುಷ್ಟಿ ಕಟ್ಟಿ, ಮಣಿಕಟ್ಟಿನ ತನಕ ಕೈ ಒಳಗೆ ಇಳಿಸಿ ಬಿಡುತ್ತಿದ್ದರು. ಆಮೇಲೆ ಗಮನಿಸಿದೆ, ಮೊದಲ ಭಾನುವಾರ ಅವರು ಬರುವುದನ್ನೇ ನಿಲ್ಲಿಸಿದ್ದರು. ಉಳಿದ ಮೂರು ವಾರ ಬರುತ್ತಿದ್ದರು. ಅವರು ಹಾಗೆ ದೂರ ಉಳಿದದ್ದನ್ನು ಕಮಿಟಿಯಲ್ಲಿ ಒಬ್ಬರೂ ಕೇಳಲಿಲ್ಲ, ನನಗೆ ಅದು ಈಗಲೂ ಸಂಕಟ. ತನ್ನಲ್ಲಿದ್ದ ಎರಡೇ ಕಾಸು ಹಾಕಿದ ಬೈಬಲಿನ ಬಡ ವಿಧವೆಯ ಕಥೆಯನ್ನು ಪುಲ್ಪಿಟ್‌ನಿಂದ ಹೇಳುತ್ತೇವೆ, ನಮ್ಮ ಸಾಲಿನಲ್ಲೇ ಕೂತವರು ಕಾಣುವುದಿಲ್ಲ.

ನಮ್ಮಮ್ಮ ದಿನಾ ಅನ್ನಕ್ಕೆ ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ತೆಗೆದು ಹಳೇ ಬಿಸ್ಕತ್ತು ಡಬ್ಬಿಗೆ ಹಾಕುತ್ತಿದ್ದರು. ತಿಂಗಳಿಗೊಮ್ಮೆ ಅದು ಸಭೆಗೆ ಹೋಗುತ್ತಿತ್ತು. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ ಹೆಂಗಸರು 1910ರಿಂದ ಹೀಗೇ ಹಿಡಿ ಅಕ್ಕಿ ಎತ್ತಿಡುತ್ತಾ ಬಂದಿದ್ದಾರೆ, ದೊಡ್ಡ ಸೇವೆಯೇ ಅದರಿಂದ ನಡೆಯುತ್ತದೆ. ಹಿಡಿ ಅಕ್ಕಿಯಲ್ಲಿ ಯಾರದ್ದು ಜಾಸ್ತಿ ಯಾರದ್ದು ಕಮ್ಮಿ ಅಂತ ಯಾರೂ ನೋಡಲ್ಲ. ನಿಮ್ಮ ಡಬ್ಲ್ಯು.ಎಸ್.ಸಿ.ಎಸ್. (ಸಭೆಯ ಮಹಿಳಾ ಸಂಘ) ಅಕ್ಕಂದಿರನ್ನು ಕೇಳಿ ನೋಡಿ, ಅವರು ಮನಸ್ಸು ಮಾಡಿದರೆ ಆಗುತ್ತೆ.

ಹಳೇ ವೆಸ್ಲಿಯನ್:
ನಾನು ಈಗ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು. ನಮ್ಮ ತಾತ ವೆಸ್ಲಿಯನ್ ಮಿಷನ್ ಸಭೆಯವರು, 1947ರಲ್ಲಿ ಆ ಸಭೆಗಳು ಸಿ.ಎಸ್.ಐ.ಗೆ ಸೇರಿದವು. ಹಾಗಾಗಿ ನಿಮಗೂ ನಮಗೂ ಅಜ್ಜ ಒಬ್ಬನೇ, ಮೆಥಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿ, ಅಲ್ವಾ. ಅದಕ್ಕೇ ಈ ಕಥೆ ಹೇಳುತ್ತೇನೆ.

1742ರ ಫೆಬ್ರವರಿ, ಇಂಗ್ಲೆಂಡಿನ ಬ್ರಿಸ್ಟಲ್. ಮೆಥಡಿಸ್ಟರು ಪ್ರಾರ್ಥನಾ ಮಂದಿರ ಕಟ್ಟಿದ ಸಾಲ ಕುತ್ತಿಗೆಗೆ ಬಂದಿತ್ತು. ಎಲ್ಲರೂ ವಾರಕ್ಕೆ ಒಂದೊಂದು ಪೆನ್ನಿ (ಅಲ್ಲಿನ ಚಿಲ್ಲರೆ ಕಾಸು) ಕೊಡಲಿ ಅಂದರು ಅಲ್ಲಿದ್ದ ಕ್ಯಾಪ್ಟನ್ ಫಾಯ್ ಎಂಬವರು. ಎಷ್ಟೋ ಜನ ಬಡವರು, ಅವರ ಕೈಲಾಗಲ್ಲ ಅಂತ ಯಾರೋ ಎದ್ದು ಹೇಳಿದರು. ಹಾಗಾದರೆ ಅತಿ ಬಡವರು ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ಅವರು ಕೊಟ್ಟರೆ ಸರಿ, ಇಲ್ಲದಿದ್ದರೆ ಅವರದ್ದನ್ನೂ ನಾನೇ ತುಂಬುತ್ತೇನೆ ಅಂದರು ಫಾಯ್. ಹನ್ನೊಂದು ಮತ್ತು ಅವರು, ಒಟ್ಟು ಹನ್ನೆರಡು. ಮೆಥಡಿಸ್ಟರ 'ಕ್ಲಾಸ್' ಹುಟ್ಟಿದ್ದು ಹೀಗೆ. ಪೆನ್ನಿಗಾಗಿ ವಾರವಾರ ಮನೆ ಬಾಗಿಲಿಗೆ ಹೋದ ನಾಯಕರ ಕಣ್ಣಿಗೆ ಬೇರೆಯದೇ ಬಿದ್ದವು: ಒಂದು ಮನೆಯಲ್ಲಿ ಕುಡಿತ, ಇನ್ನೊಂದರಲ್ಲಿ ಗಂಡಹೆಂಡಿರ ಜಗಳ, ಮತ್ತೊಂದರಲ್ಲಿ ಹಾಸಿಗೆ ಹಿಡಿದವರು. ಇಷ್ಟು ದಿನ ತಾನು ಹುಡುಕುತ್ತಿದ್ದದ್ದು ಇದನ್ನೇ ಅಂತ ಜಾನ್ ವೆಸ್ಲಿಗೆ ಹೊಳೆಯಿತು. ಸಾಲ ತೀರಿಸಲು ಶುರುವಾದದ್ದು ಜನರನ್ನು ನೋಡಿಕೊಳ್ಳುವ ಏರ್ಪಾಡಾಯಿತು.

ನಾವು ಪೆನ್ನಿ ಉಳಿಸಿಕೊಂಡು ಭೇಟಿ ಬಿಟ್ಟಿದ್ದೇವೆ. ತೊಂಬತ್ತು ಮನೆ ಅಂದರೆ ಎಂಟು ಗುಂಪು. ಎಂಟು ಜನ ನಾಯಕರು ಸಿಗುವುದಿಲ್ಲವೇ? ಮೊದಲ ಮೂರು ತಿಂಗಳು ದುಡ್ಡಿನ ಮಾತೇ ಎತ್ತದೆ ಸುಮ್ನೆ ಮನೆಗೆ ಹೋಗಲಿ, ಕಾಫಿ ಕುಡಿಯಲಿ, ಪ್ರಾರ್ಥನೆ ಮಾಡಿ ಬರಲಿ.

ಬ್ಯಾಂಕ್ ನಿವೃತ್ತ:
ಭೇಟಿ ಒಳ್ಳೆಯದು. ಆದರೆ ಲೆಕ್ಕ ತೋರಿಸದೆ ಏನೂ ಆಗಲ್ಲ. ಒಂದು ಸಭೆಯಲ್ಲಿ ಚಾವಣಿ ರಿಪೇರಿಗೆ ಅಂತ ನಾವೆಲ್ಲ ಕೊಟ್ಟೆವು. ಬಿಲ್ಲು ಕೇಳಿದವರಿಗೆ 'ನಂಬಿಕೆ ಇಲ್ಲವಾ' ಅಂದರು. ಅಲ್ಲಿಂದ ಕಾಣಿಕೆ ಇಳಿಯುತ್ತಾ ಹೋಯಿತು, ಮತ್ತೆ ಏರಲಿಲ್ಲ. ಯೆರೂಸಲೇಮಿನ ಬಡವರಿಗೆ ಹಣ ಒಯ್ಯುವಾಗ ಅಪೊಸ್ತಲ ಪೌಲನೂ ಒಬ್ಬನೇ ಒಯ್ಯಲಿಲ್ಲ, ಯಾರೂ ಬೆರಳು ತೋರಿಸಬಾರದು ಅಂತ ಜೊತೆಗೆ ಜನರನ್ನು ಇಟ್ಟುಕೊಂಡ. 2 ಕೊರಿಂಥ 8ರಲ್ಲಿದೆ, ಓದಿ.

ಆರಾಧನೆ ಮುಗಿದ ಕೂಡಲೇ ಸಂಬಂಧಿಕರಲ್ಲದ ಇಬ್ಬರು ಎಣಿಸಿ ಇಬ್ಬರೂ ಸಹಿ ಹಾಕಲಿ. ಸೋಮವಾರವೇ ಬ್ಯಾಂಕಿಗೆ ಕಟ್ಟಿ. ಕ್ಯೂಆರ್ ಕೋಡ್ ಸಭೆಯ ಖಾತೆಯದ್ದಾಗಿರಲಿ, ಯಾರ ಸ್ವಂತ ಫೋನ್ ನಂಬರಿನದ್ದೂ ಬೇಡ. ತಿಂಗಳ ಲೆಕ್ಕ ಒಂದೇ ಹಾಳೆಯಲ್ಲಿ, ದೊಡ್ಡ ಅಕ್ಷರದಲ್ಲಿ, ಚಪ್ಪಲಿ ಬಿಡುವ ಜಾಗದ ಗೋಡೆಗೆ ಅಂಟಿಸಿ. ಅಲ್ಲಿ ಎಲ್ಲರೂ ಬಗ್ಗಿ ಏಳುವಾಗ ನೋಡೇ ನೋಡುತ್ತಾರೆ.

ಯೂತ್ ಫೆಲೋಶಿಪ್ ಹುಡುಗ:
ಅಂಕಲ್ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಬಡವರ ಸಂಕೋಚದ ಬಗ್ಗೆ ಇಷ್ಟು ಮಾತಾಡಿ, ನಮ್ಮಂಥವರನ್ನು ಬಿಟ್ಟುಬಿಡಬೇಡಿ. ನಾನು ಐಟಿ ಕೆಲಸದವನು. ಮೊದಲ ಸಂಬಳ ಬಂದಾಗ ಕವರ್‌ಗೆ ಐನೂರು ಹಾಕಿದೆ. ಈಗ ಸಂಬಳ ನಾಲ್ಕು ಪಟ್ಟು, ಕವರ್‌ನಲ್ಲಿ ಇನ್ನೂ ಅದೇ ಐನೂರು! ಹೋದ ವರ್ಷ ಲೆಂಟ್ (ಈಸ್ಟರ್‌ಗೆ ಮುಂಚಿನ ಉಪವಾಸದ) ದಿನಗಳಲ್ಲಿ ವೆಸ್ಲಿ ಬಗ್ಗೆ ಓದಿದೆ. ಆಕ್ಸ್‌ಫರ್ಡ್‌ನಲ್ಲಿದ್ದಾಗ ವರ್ಷದ ವರಮಾನ 30 ಪೌಂಡ್, ಖರ್ಚು 28, ದಾನ 2. ಮರುವರ್ಷ ವರಮಾನ 60 ಆಯಿತು, ಖರ್ಚು ಅದೇ 28, ದಾನ 32. ಓದಿ ಪುಸ್ತಕ ಮುಚ್ಚಿಟ್ಟು ಎಷ್ಟೋ ಹೊತ್ತು ಹಾಗೇ ಕೂತಿದ್ದೆ. ಇದನ್ನು ನಮಗೆ ನೇರವಾಗಿ ಹೇಳಿ, ಬೇಜಾರಾಗಲ್ಲ. ಮಲಾಕಿ ಇಟ್ಟು ಹೆದರಿಸಬೇಡಿ ಅಷ್ಟೇ.

ಇನ್ನೊಂದು ಮಾತು, ದುಡ್ಡಿಲ್ಲದವರು ಕೊಡುತ್ತಿಲ್ಲ ಅಂತ ಯಾರು ಹೇಳಿದ್ದು? ನಮ್ಮಲ್ಲಿ ಒಬ್ಬರು ಎಲೆಕ್ಟ್ರಿಷಿಯನ್ ಅಣ್ಣ ಮೂರು ಶನಿವಾರ ರಾತ್ರಿ ಕೂತು ಇಡೀ ಚರ್ಚಿನ ವೈರಿಂಗ್ ಬದಲಿಸಿದರು, ಕೂಲಿ ತಗೊಳ್ಳಲಿಲ್ಲ. ಲೆಕ್ಕದ ಹಾಳೆಯಲ್ಲಿ ಅದಕ್ಕೊಂದು ಸಾಲೇ ಇಲ್ಲ.

ಹೊಸ ಸ್ಟುವರ್ಡ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ಆ ಅಮ್ಮನ ವಿಷಯ ಓದಿ ನಿದ್ದೆ ಬರಲಿಲ್ಲ. ನಮ್ಮ ಸಭೆಯಲ್ಲೂ ಹಾಗೆ ಕೈ ಇಳಿಸುವವರು ಇದ್ದಾರೆ, ನಾನೇ ನೋಡಿದ್ದೇನೆ. ನಿನ್ನೆ ಕಮಿಟಿಯಲ್ಲಿ ಹೆಸರು ಓದುವ ಸಲಹೆಯನ್ನು ಕೈಬಿಡಿಸಿದೆ, ಸ್ವಲ್ಪ ಜೋರು ಮಾತೂ ಆಯಿತು. ಎಂಟರಲ್ಲಿ ಐದು ಗುಂಪಿಗೆ ನಾಯಕರು ಸಿಕ್ಕಿದ್ದಾರೆ. ಪ್ರಕಟಣೆಯಲ್ಲಿ ಈ ವಾರ ನಮ್ಮ ಪೇಂಟರ್ ಅಣ್ಣನಿಗೆ ವಂದನೆ ಹೇಳುತ್ತೇವೆ, ಗೇಟಿಗೆ ಬಣ್ಣ ಹೊಡೆದು ಎರಡು ವರ್ಷವಾದರೂ ಯಾರೂ ಹೇಳಿರಲಿಲ್ಲ.

ನಾನು ಲಿಂಗರಾಜಪುರದ ಹನ್ನೊಂದು ಮನೆ ತಗೊಂಡಿದ್ದೇನೆ, ಶನಿವಾರ ಸಂಜೆ ಶುರು. ಬ್ಯಾಂಕ್ ಅಂಕಲ್, ಆ ಒಂದೇ ಹಾಳೆಯ ಲೆಕ್ಕದ ನಮೂನೆ ನಿಮ್ಮ ಹತ್ತಿರ ಇದ್ದರೆ ಇಲ್ಲೇ ಹಾಕುತ್ತೀರಾ?