ಸೆಕೆಯ ನಾಡಿನಲ್ಲಿ ವಿಶ್ವಕಪ್: ಪಂದ್ಯಗಳನ್ನು ರಾತ್ರಿಗೆ ಹಾಕಿದರೆ ಸಾಲದೇ?

ಪ್ರಶ್ನೆ (ಮಂಗಳೂರು)

2034ರ ಪುರುಷರ ವಿಶ್ವಕಪ್ ಫುಟ್‌ಬಾಲ್ ಸೌದಿ ಅರೇಬಿಯಾಕ್ಕೆ ಎಂದು 2024ರ ಡಿಸೆಂಬರ್‌ನಲ್ಲಿ ತೀರ್ಮಾನವಾದಾಗಿನಿಂದ, ನೆಹರೂ ಮೈದಾನದ ಬದಿಯಲ್ಲಿ ಸಂಜೆ ಸೇರುವ ನಮ್ಮ ಬಳಗದಲ್ಲಿ ಹಳೆಯ ವಾದವೊಂದು ಮತ್ತೆ ಎದ್ದಿದೆ. ಕತಾರ್‌ನ ಟೂರ್ನಿಯನ್ನು ಜೂನ್–ಜುಲೈ ತಿಂಗಳಿನಿಂದ ತೆಗೆದು 2022ರ ನವೆಂಬರ್ 20ರಿಂದ ಡಿಸೆಂಬರ್ 18ರವರೆಗೆ ನಡೆಸಿದ್ದರಿಂದ ಯುರೋಪಿನ ಲೀಗ್‌ಗಳು ನಡುವೆಯೇ ನಿಲ್ಲಬೇಕಾಯಿತು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಡಿಸೆಂಬರ್ 26ರವರೆಗೆ ಬಾಗಿಲು ಹಾಕಿತ್ತು. ಎಂಟು ಕ್ರೀಡಾಂಗಣಗಳ ಪೈಕಿ ಏಳರಲ್ಲಿ ತಂಪು ಗಾಳಿಯ ವ್ಯವಸ್ಥೆ ಇದ್ದ ಮೇಲೆ, ಬೇಸಿಗೆಯಲ್ಲೇ ಎಲ್ಲ ಪಂದ್ಯಗಳನ್ನು ಸೂರ್ಯ ಮುಳುಗಿದ ಬಳಿಕ ಆಡಿಸಿದ್ದರೆ ಏನಾಗುತ್ತಿತ್ತು?

ಉತ್ತರ (ಉಡುಪಿ)

ಕರಾವಳಿಯವರಾದ ನಾವು ಬಿಸಿಲಿಗೂ ಸೆಕೆಗೂ ಇರುವ ವ್ಯತ್ಯಾಸವನ್ನು ಮರೆತು ವಾದಿಸುವುದು ಸ್ವಲ್ಪ ವಿಚಿತ್ರವೇ. ಕಲಬುರಗಿಯ ಬಿಸಿಲಿನಲ್ಲಿ ಬೆವರು ಬಂದ ಹಾಗೆಯೇ ಆರುತ್ತದೆ; ಇಲ್ಲಿ ಅದು ಆರದೆ ಅಂಗಿಗೆ ಅಂಟಿಕೊಳ್ಳುತ್ತದೆ. ಬೆವರು ಆರಿದರೆ ಮಾತ್ರ ದೇಹ ತಂಪಾಗುವುದರಿಂದ, ಕ್ರೀಡಾ ವೈದ್ಯರು ಬರಿಯ ತಾಪಮಾನವನ್ನು ನೋಡದೆ ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್ ಎಂಬ ಅಳತೆಯನ್ನು ನೋಡುತ್ತಾರೆ. ಅದರಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ ಅಂಕಿಗೆ ನೂರಕ್ಕೆ 70, ಬಿಸಿಲನ್ನು ಹೀರುವ ಕಪ್ಪು ಗೋಳದ ಅಂಕಿಗೆ 20, ನೆರಳಿನ ಸಾಮಾನ್ಯ ತಾಪಮಾನಕ್ಕೆ ಬರೀ 10 ಪಾಲು.

ಲೆಕ್ಕ ಹಾಕಿ ನೋಡೋಣ. ಮಧ್ಯಾಹ್ನ 42 ಡಿಗ್ರಿ, ತೇವಾಂಶ ಶೇಕಡಾ 20 ಎಂದುಕೊಂಡರೆ ಒದ್ದೆ ಥರ್ಮಾಮೀಟರ್ ಸುಮಾರು 24 ತೋರಿಸುತ್ತದೆ. ಗೋಳ 52 ತೋರಿಸಿತು ಎಂದಿಟ್ಟುಕೊಂಡರೆ ಒಟ್ಟು 31.4. ರಾತ್ರಿ 34 ಡಿಗ್ರಿ, ತೇವಾಂಶ ಶೇಕಡಾ 70 ಆದರೆ ಒದ್ದೆ ಥರ್ಮಾಮೀಟರ್ 29ಕ್ಕೆ ಏರುತ್ತದೆ, ಬಿಸಿಲಿಲ್ಲದ ಕಾರಣ ಗೋಳವೂ 34ರಲ್ಲೇ ನಿಲ್ಲುತ್ತದೆ, ಒಟ್ಟು 30.5. ತಾಪಮಾನ ಎಂಟು ಡಿಗ್ರಿ ಇಳಿದರೂ ಆಟಗಾರನ ಮೈಗೆ ಸಿಕ್ಕ ಬಿಡುವು ಒಂದು ಡಿಗ್ರಿಗೂ ಕಡಿಮೆ. 2014ರಲ್ಲಿ ಬ್ರೆಜಿಲ್‌ನ ಫೋರ್ಟಲೇಜಾದಲ್ಲಿ ನೆದರ್ಲೆಂಡ್ಸ್–ಮೆಕ್ಸಿಕೋ ಪಂದ್ಯವನ್ನು ನೀರು ಕುಡಿಯಲು ನಿಲ್ಲಿಸಿದ್ದು ನೆನಪಿರಬಹುದು. ಆಗ ಇದ್ದ ಮಿತಿ ಇದೇ ಅಳತೆಯ 32.

ಉತ್ತರ (ಉಳ್ಳಾಲ)

ದೋಹಾದಲ್ಲಿ ಕೆಲವು ವರ್ಷ ಕೆಲಸ ಮಾಡಿದವನಾಗಿ ಮೇಲಿನ ಲೆಕ್ಕಕ್ಕೆ ಸಾಕ್ಷಿ ಹೇಳಬಲ್ಲೆ. ಆಗಸ್ಟ್ ತಿಂಗಳ ರಾತ್ರಿ ಒಂಬತ್ತಕ್ಕೆ ಎಸಿ ಕಾರಿನಿಂದ ಇಳಿದ ಕೂಡಲೇ ಕನ್ನಡಕ ಮಂಜಾಗಿ, ಒರೆಸಿಕೊಳ್ಳುವ ತನಕ ಎದುರಿನ ಅಂಗಡಿಯ ಫಲಕವೂ ಕಾಣುತ್ತಿರಲಿಲ್ಲ. ಕ್ರೀಡಾಂಗಣದೊಳಗೆ ತಂಪು ಗಾಳಿ ಬಿಟ್ಟರೂ ಅಭ್ಯಾಸದ ಮೈದಾನ, ಮೆಟ್ರೋದಿಂದ ನಡೆಯುವ ದಾರಿ, ಗೇಟಿನಲ್ಲಿ ಗಂಟೆಗಟ್ಟಲೆ ನಿಲ್ಲುವ ಕಾವಲುಗಾರ ಇವೆಲ್ಲ ಹೊರಗೇ ಉಳಿಯುತ್ತವೆ. ಕತಾರ್‌ನಲ್ಲಿ 2021ರಿಂದ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಅದಲ್ಲದೆ ಮೇಲಿನ ಲೆಕ್ಕದ ಅದೇ ಅಳತೆ 32.1 ದಾಟಿದರೆ ಯಾವ ಹೊತ್ತಿನಲ್ಲಾದರೂ ಕೆಲಸ ನಿಲ್ಲಿಸಬೇಕು. ಕಟ್ಟಡ ಕಾರ್ಮಿಕನಿಗೆ ಸಲ್ಲದ ಗಾಳಿಯಲ್ಲಿ ಅಭಿಮಾನಿಗಳನ್ನು ಸರದಿಯಲ್ಲಿ ನಿಲ್ಲಿಸುವುದು ಯಾವ ನ್ಯಾಯ? ತಂಪಿನ ವ್ಯವಸ್ಥೆ ಇಲ್ಲದ ಏಕೈಕ ಕ್ರೀಡಾಂಗಣವಾದ ‘ಸ್ಟೇಡಿಯಂ 974’ರಲ್ಲಿ, ಆ ಚಳಿಗಾಲದಲ್ಲೂ, ಏಳು ಪಂದ್ಯಗಳನ್ನೂ ಸಂಜೆ 7ರ ನಂತರವೇ ಇಟ್ಟುಕೊಂಡಿದ್ದರು.

ಪ್ರಶ್ನೆ ಕೇಳಿದವರು

ಒಪ್ಪಿದೆ, ರಾತ್ರಿಯ ವಾದವನ್ನು ಹಿಂದಕ್ಕೆ ಪಡೆಯುತ್ತೇನೆ. ಹಾಗಾದರೆ 2034ರಲ್ಲೂ ನವೆಂಬರ್–ಡಿಸೆಂಬರ್ ಎಂದೇ ಇಟ್ಟುಕೊಳ್ಳಬಹುದೇ?

ಉತ್ತರ (ಮಣಿಪಾಲ)

ಆಗದು. ಆ ವರ್ಷ ರಂಜಾನ್ ಉಪವಾಸ ನವೆಂಬರ್ ಎರಡನೆಯ ವಾರದಿಂದ ಡಿಸೆಂಬರ್ ಎರಡನೆಯ ವಾರದವರೆಗೆ ಬರುತ್ತದೆ. ಅದರ ಮೇಲೆ ರಿಯಾದ್‌ನಲ್ಲೇ ನವೆಂಬರ್ ಕೊನೆಯಲ್ಲಿ ಏಷ್ಯನ್ ಕ್ರೀಡಾಕೂಟ ಶುರುವಾಗಲಿದೆ. ಉಳಿಯುವುದು ಜನವರಿ. ಕತಾರ್‌ನಲ್ಲಿ 32 ತಂಡಗಳು 64 ಪಂದ್ಯಗಳನ್ನು 29 ದಿನಗಳಲ್ಲಿ ಮುಗಿಸಿದ್ದವು. ಈಗ ತಂಡಗಳು 48, ಪಂದ್ಯಗಳು 104. 2026ರ ಟೂರ್ನಿಗೆ ಗೊತ್ತುಮಾಡಿದ ಅವಧಿ 39 ದಿನ. ಅಷ್ಟೇ ದಿನ ಬೇಕೆಂದರೆ ಹೊಸ ವರ್ಷದ ಮೊದಲ ದಿನವೇ ಆರಂಭಿಸಿದರೂ ಫೈನಲ್ ಫೆಬ್ರವರಿ 8ಕ್ಕೆ ಬೀಳುತ್ತದೆ, 10ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಚಳಿಗಾಲದ ಒಲಿಂಪಿಕ್ಸ್.

ಒಂದು ತಕರಾರನ್ನೂ ಸೇರಿಸುತ್ತೇನೆ. ಸೆಕೆಗೆ ಕೊಲ್ಲಿಯ ದೇಶಗಳನ್ನಷ್ಟೇ ದೂರುವುದು ಸರಿಯಲ್ಲ. 1994ರಲ್ಲಿ ಅಮೆರಿಕದಲ್ಲಿ, ಯುರೋಪಿನ ಟಿವಿ ವೀಕ್ಷಕರಿಗೆ ಹೊಂದಲೆಂದು, ಪಸಡೀನಾದ ಫೈನಲ್ಲನ್ನೇ ಜುಲೈ ತಿಂಗಳ ನಡುಮಧ್ಯಾಹ್ನ 12.30ಕ್ಕೆ ಆರಂಭಿಸಿದ್ದರು, ಬ್ರೆಜಿಲ್ ಮತ್ತು ಇಟಲಿ 120 ನಿಮಿಷ ಆಡಿ ಒಂದು ಗೋಲನ್ನೂ ಹೊಡೆಯಲಿಲ್ಲ.

ಉತ್ತರ (ಉಡುಪಿ)

ಜನವರಿಯೂ ಕೈತಪ್ಪಿ ಬೇಸಿಗೆಗೇ ಬರಬೇಕಾದರೆ ಪಂದ್ಯ ನಡೆಯುವ ಸೌದಿಯ ಊರುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ರಿಯಾದ್‌ನದು ಕಲಬುರಗಿಯ ಬಿಸಿಲು, ಅಲ್ಲಿ ರಾತ್ರಿಯ ಪಂದ್ಯಕ್ಕೆ ಅರ್ಥವಿದೆ. ಸುಮಾರು 2,200 ಮೀಟರ್ ಎತ್ತರದ ಅಭಾದಲ್ಲಿ ಹವೆ ಹಿತವಾಗಿಯೇ ಇರುತ್ತದೆ. ಜೆದ್ದಾ ಮತ್ತು ಖೋಬರ್ ಮಾತ್ರ ನಮ್ಮಂತೆಯೇ ಕಡಲ ಬದಿಯವು. ಅಲ್ಲಿ ಗಡಿಯಾರದ ಮುಳ್ಳು ಸರಿಸಿ ಪ್ರಯೋಜನವಿಲ್ಲ.