ಸಂಜೆ ಹೊತ್ತು ಮಗುವಿನ ಭೇದಿಗೆ ಔಷಧಿ ಕೇಳಿ ಬಂದರೆ ಮೆಡಿಕಲ್ ಶಾಪಿನಲ್ಲಿ ಏನು ಮಾಡಬೇಕು?

ಪ್ರಶ್ನೆ: ಮೆಡಿಕಲ್ ಶಾಪ್, ಮೂಡಿಗೆರೆ ತಾಲ್ಲೂಕು

ಕಾಫಿ ಕೊಯ್ಲು ಶುರುವಾದರೆ ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲುಮನೆಗಳ) ಜನ ಸಂಜೆ ಆರರ ಮೇಲೆ ನೇರ ಮೆಡಿಕಲ್ ಶಾಪಿಗೇ ಬರುತ್ತಾರೆ. ತೋಟದ ಕೆಲಸ ಬಿಡುವ ಹೊತ್ತಿಗೆ ಪಿಎಚ್‌ಸಿಯಲ್ಲಿ ಒಪಿಡಿ ಮುಗಿದಿರುತ್ತದೆ, ಖಾಸಗಿ ಕ್ಲಿನಿಕ್ಕಿನಲ್ಲಿ ಟೋಕನ್ ಸಾಲು. "ಮಗೂಗೆ ಬೆಳಿಗ್ಗೆಯಿಂದ ಭೇದಿ, ನಿಲ್ಲೋಕೆ ಏನಾದ್ರೂ ಕೊಡಿ" ಅನ್ನುತ್ತಾರೆ. ಅಸ್ಸಾಂ ಕಡೆಯಿಂದ ಬಂದವರಿಗೆ ಕನ್ನಡ ಬಾರದು. ಎಷ್ಟೋ ಸಲ ಮಗು ಜೊತೆಯಲ್ಲೇ ಇರುವುದಿಲ್ಲ.

ಏನೇನು ವಿಚಾರಿಸಬೇಕು? ಯಾವುದನ್ನು ಕೊಡಬಹುದು, ಯಾವಾಗ ಆಸ್ಪತ್ರೆಗೆ ಕಳಿಸಬೇಕು? ಕ್ಲಿನಿಕ್ಕಿನ ಚೀಟಿಯಲ್ಲಿ ಆಂಟಿಬಯಾಟಿಕ್ ಸಿರಪ್ ಇದ್ದು ಜಿಂಕ್ (ಭೇದಿಯಾದ ಮಕ್ಕಳಿಗೆ ಕೊಡುವ ಸತುವಿನ ಔಷಧಿ) ಇಲ್ಲದಿದ್ದರೆ ನಾವೇನು ಮಾಡಬೇಕು?

ಉತ್ತರ 1: ಮಕ್ಕಳ ವೈದ್ಯೆ, ಹಾಸನ

ಮೊದಲು ವಯಸ್ಸು ಕೇಳಿ. 2 ತಿಂಗಳು ತುಂಬದ ಕೂಸಾದರೆ ಅಂಗಡಿಯಿಂದ ಯಾವ ಔಷಧಿಯೂ ಬೇಡ, ಮೊಲೆಹಾಲು ಕುಡಿಸುತ್ತಲೇ ಆಸ್ಪತ್ರೆಗೆ ಹೋಗಲಿ. ಅದಕ್ಕೆ ಮೇಲ್ಪಟ್ಟ ಮಗುವಾದರೆ ಉಚ್ಚೆ ಹೊಯ್ದು ಎಷ್ಟು ಹೊತ್ತಾಯಿತು, ಕೊಟ್ಟದ್ದನ್ನು ಕುಡಿಯುತ್ತಿದೆಯಾ, ಮಲದಲ್ಲಿ ರಕ್ತ ಇದೆಯಾ, ಕರೆದರೆ ಕಣ್ಣು ಬಿಟ್ಟು ನೋಡುತ್ತದಾ ಅಂತ ವಿಚಾರಿಸಿ.

ಮಗು ಎದುರಿಗಿದ್ದರೆ ಹೊಕ್ಕುಳಿಗೂ ಪಕ್ಕೆಗೂ ನಡುವಿನ ಚರ್ಮವನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿದೆತ್ತಿ ಬಿಡಿ. ತಟ್ಟನೆ ಸಮವಾದರೆ ಮನೆಯಲ್ಲೇ ನೋಡಿಕೊಳ್ಳಬಹುದು. ನಿಧಾನವಾಗಿ ಸಮವಾದರೆ, ಕಣ್ಣು ಗುಳಿಬಿದ್ದು ಮಗು ಕಿರಿಕಿರಿ ಮಾಡುತ್ತಾ ನೀರು ಕಂಡರೆ ಬಾಯಿ ಹಾಕುತ್ತಿದ್ದರೆ ಆಸ್ಪತ್ರೆಯಲ್ಲಿ ಕಣ್ಣೆದುರೇ ಓಆರ್‌ಎಸ್ (ಉಪ್ಪು, ಗ್ಲೂಕೋಸಿನ ಪುಡಿ ಕರಗಿಸಿದ ನೀರು) ಕುಡಿಸಬೇಕು. ಕೆ.ಜಿ.ಗೆ 75 ಮಿ.ಲೀ. ಲೆಕ್ಕದಲ್ಲಿ, 8 ಕೆ.ಜಿ. ಮಗುವಿಗೆ 4 ಗಂಟೆಯಲ್ಲಿ 600 ಮಿ.ಲೀ. ಚರ್ಮದ ಮಡಿಕೆ 2 ಸೆಕೆಂಡಿಗಿಂತ ಹೆಚ್ಚು ನಿಂತರೆ, ಮಗು ಜೋತುಬಿದ್ದಿದ್ದರೆ, ಕುಡಿಯಲಾರದಿದ್ದರೆ 108ಕ್ಕೆ ಫೋನ್ ಮಾಡಿ. ರಾತ್ರಿ ಹೊತ್ತು ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಅಲೆಸಬೇಡಿ, ತಾಲ್ಲೂಕು ಆಸ್ಪತ್ರೆಗೇ ಕಳಿಸಿ. ಒಂದು ಎಚ್ಚರಿಕೆ: ತೀರಾ ಸೊರಗಿದ ಮಗುವಿನ ಚರ್ಮ ಭೇದಿ ಇಲ್ಲದಾಗಲೂ ನಿಧಾನವಾಗಿಯೇ ಸಮವಾಗುತ್ತದೆ, ಗುಂಡಗಿರುವ ಮಗುವಿನದು ನೀರು ಕಡಿಮೆಯಾಗಿದ್ದರೂ ಬೇಗ ಸಮವಾಗಬಹುದು. ಇದೊಂದನ್ನೇ ನಂಬಬೇಡಿ.

"ನಿಲ್ಲಿಸೋ ಔಷಧಿ" ಅಂತ ಮಕ್ಕಳಿಗೆ ಲೋಪರಮೈಡ್ ಕೊಡಲೇಬಾರದು. ಕರುಳಿನ ಚಲನೆ ಕಟ್ಟಿ ಹೋಗುತ್ತದೆ, ಹೊಟ್ಟೆ ಉಬ್ಬುತ್ತದೆ, ನೀರು ಒಳಗೇ ಸೋರುತ್ತಿರುತ್ತದೆ. ತಾಯಿಗೆ ಮಾತ್ರ ಭೇದಿ ನಿಂತಂತೆ ಕಾಣುತ್ತದೆ. ಆಂಟಿಬಯಾಟಿಕ್ ಬೇಕಾಗುವುದು ರಕ್ತಭೇದಿಗೆ, ಕಾಲರಾ ಅನುಮಾನವಿದ್ದಾಗ, ಅದೂ ವೈದ್ಯರು ನೋಡಿದ ಮೇಲೆ. ಚಳಿಗಾಲದ ನೀರುಭೇದಿಯಲ್ಲಿ ರೋಟಾ ವೈರಸ್ಸಿನದೇ ದೊಡ್ಡ ಪಾಲು, ನಿಮ್ಮ ಕೊಯ್ಲಿನ ತಿಂಗಳುಗಳೂ ಅವೇ. ವೈರಸ್ಸಿಗೆ ಆ ಸಿರಪ್ಪಿನಿಂದ ಏನೂ ಆಗದು. ಡ್ರಿಪ್ ಹಾಕಿಸಿ ಅಂತ ಜನರೇ ಒತ್ತಾಯ ಮಾಡುತ್ತಾರೆ, ಕೆಲವು ಕ್ಲಿನಿಕ್ಕುಗಳಲ್ಲಿ ಹಾಕಿಯೂ ಬಿಡುತ್ತಾರೆ. ಕುಡಿಯಬಲ್ಲ ಮಗುವಿಗೆ ಡ್ರಿಪ್ ಬೇಡ. ತೂಕ ನೋಡದೆ, ಹನಿಯ ವೇಗ ಲೆಕ್ಕ ಹಾಕದೆ ಹರಿಸಿದರೆ ಅಪಾಯವೂ ಹೌದು.

ಉತ್ತರ 2: ಫಾರ್ಮಸಿಸ್ಟ್, ಸಕಲೇಶಪುರ

ಡಾಕ್ಟ್ರು ಹೇಳಿದ್ದರ ಮೇಲೆ ಕೌಂಟರಿನ ಮಾತು ಸ್ವಲ್ಪ. ಎಡವಟ್ಟು ಆಗೋದು ಓಆರ್‌ಎಸ್ ಪ್ಯಾಕೆಟ್ಟಿನ ಅಳತೆಯಲ್ಲಿ. ಸುಮಾರು 20.5 ಗ್ರಾಂ ಪುಡಿಯ ದೊಡ್ಡ ಪ್ಯಾಕೆಟ್ 1 ಲೀಟರಿಗೆ, 4 ಗ್ರಾಂ ಚಿಲ್ಲರೆಯ ಸಣ್ಣದು 200 ಮಿ.ಲೀ.ಗೆ. ದೊಡ್ಡದನ್ನು ಒಂದೇ ಲೋಟಕ್ಕೆ ಸುರಿದು ಕುಡಿಸಿದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಫಿಟ್ಸ್ ಬರಬಹುದು. ಅರ್ಧ ಪ್ಯಾಕೆಟ್ ಈಗ, ಅರ್ಧ ಆಮೇಲೆ ಅನ್ನೋದೂ ತಪ್ಪು, ಉಪ್ಪು ಸಕ್ಕರೆ ಎರಡು ಪಾಲಿಗೂ ಸಮನಾಗಿ ಬೀಳೋದಿಲ್ಲ.

ನನ್ನ ಸಲಹೆ: ದೊಡ್ಡದೊಂದನ್ನೇ ಇಡಿ, ಜೊತೆಗೆ 1 ಲೀಟರಿನ ಖಾಲಿ ಕುಡಿಯೋ ನೀರಿನ ಬಾಟಲಿ ತೊಳೆದು ಕೊಡಿ. ಭಾಷೆ ಬಾರದವರ ಕೈಗೆ ಬಾಟಲಿ ಕೊಟ್ಟು, ಪೂರ್ತಿ ಪ್ಯಾಕೆಟ್ ತೋರಿಸಿ, ನೀರು ಎಲ್ಲಿಯವರೆಗೆ ಅಂತ ಮಾರ್ಕರಿನಲ್ಲಿ ಗೆರೆ ಎಳೆದರೆ ಮುಗೀತು. ಕುದಿಸಿ ಆರಿಸಿದ ನೀರಿಗೆ ಹಾಕಬೇಕು, ಕಲಸಿದ ಮೇಲೆ ಕುದಿಸಬಾರದು, 24 ಗಂಟೆ ದಾಟಿದರೆ ಚೆಲ್ಲಬೇಕು. ಪ್ರತಿ ಭೇದಿಯಾದ ಮೇಲೆ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200.

ಜಿಂಕ್ 20 ಮಿ.ಗ್ರಾಂ.ನ ನೀರಲ್ಲಿ ಕರಗೋ ಮಾತ್ರೆ. 6 ತಿಂಗಳ ಮೇಲೆ ದಿನಕ್ಕೆ ಒಂದು, 2ರಿಂದ 6 ತಿಂಗಳಿಗೆ ಅರ್ಧ, ಒಟ್ಟು 14 ದಿನ. ಸ್ಟೀಲ್ ಚಮಚದಲ್ಲಿ ನೀರೋ ಮೊಲೆಹಾಲೋ ಹಾಕಿ ಮಾತ್ರೆ ಬಿಟ್ಟು ಅಲ್ಲಾಡಿಸಿದರೆ ಕರಗುತ್ತೆ. ಸಿರಪ್ ಆದರೆ 5 ಮಿ.ಲೀ.ನಲ್ಲಿ 10 ಮಿ.ಗ್ರಾಂ. ಇದೆಯೋ 20 ಇದೆಯೋ ಲೇಬಲ್ ನೋಡಿಯೇ ಕೊಡಿ. ಮೂರನೇ ದಿನ ಭೇದಿ ನಿಂತರೆ ಮನೆಯವರು ಮಾತ್ರೆಯನ್ನೂ ಅಲ್ಲಿಗೇ ನಿಲ್ಲಿಸಿಬಿಡ್ತಾರೆ, ಅದು ತಪ್ಪು. ಉಳಿದ ದಿನದ ಜಿಂಕ್ ಮುಂದಿನ ಎರಡು ಮೂರು ತಿಂಗಳ ಭೇದಿಯನ್ನು ಕಡಿಮೆ ಮಾಡೋದಕ್ಕೆ ಅನ್ನೋದನ್ನು ಬಾಯಿಬಿಟ್ಟು ಹೇಳಬೇಕು. ಕವರಿನ ಮೇಲೆ 14 ಸೊನ್ನೆ ಬರೆದುಕೊಡಿ, ದಿನಕ್ಕೊಂದು ಹೊಡೆದುಹಾಕಲಿ.

ಚೀಟಿ ವಿಷಯ: ನಾವಾಗಿ ಔಷಧಿ ಬದಲಾಯಿಸೋ ಹಾಗಿಲ್ಲ. ಕ್ಲಿನಿಕ್ಕಿಗೆ ಫೋನ್ ಹಚ್ಚಿ, "ಡಾಕ್ಟ್ರೇ, ರಕ್ತ ಇಲ್ಲ ಅಂತಿದ್ದಾರೆ, ಸಿರಪ್ ಬೇಕೇ ಬೇಕಾ? ಜಿಂಕ್ ಬರೆದಿಲ್ಲ, ಸೇರಿಸಲಾ?" ಅಂತ ಮರ್ಯಾದೆಯಿಂದ ಕೇಳಿ. ಚೀಟಿ ಇಲ್ಲದೆ ಆಂಟಿಬಯಾಟಿಕ್ ಅಂತೂ ಕೊಡಲೇಬೇಡಿ.

ಉತ್ತರ 3: ಸಮುದಾಯ ಆರೋಗ್ಯಾಧಿಕಾರಿ, ಕಳಸ

ಓಆರ್‌ಎಸ್, ಜಿಂಕ್ ಎರಡೂ ಆಶಾ ಕಾರ್ಯಕರ್ತೆಯರ ಬಳಿ, ಉಪಕೇಂದ್ರದಲ್ಲಿ ಉಚಿತ. ಆ ತೋಟದ ಆಶಾ ಯಾರು, ಅವರ ಫೋನ್ ನಂಬರ್ ಏನು ಅಂತ ಅಂಗಡಿಯಲ್ಲಿ ಬರೆದಿಟ್ಟುಕೊಳ್ಳಿ. ಒಂದೇ ಲೈನಿನಿಂದ ಎರಡು ಮೂರು ದಿನದಲ್ಲಿ ಮೂರು ಮಕ್ಕಳಿಗೆ ಭೇದಿ ಅಂತ ಬಂದರೆ ದಯವಿಟ್ಟು ಅವತ್ತೇ ಪಿಎಚ್‌ಸಿಗೆ ತಿಳಿಸಿ. ನೀರಿನ ಟ್ಯಾಂಕಿನಲ್ಲೋ ಪೈಪಿನಲ್ಲೋ ಏನೋ ಆಗಿರುತ್ತದೆ, ಆ ಸುಳಿವು ಮೊದಲು ಸಿಗುವುದು ನಿಮ್ಮ ಕೌಂಟರಿನಲ್ಲೇ. ಸಂಜೆ ಹೊತ್ತಿನ ಮಕ್ಕಳು ಸರ್ಕಾರಿ ರಿಜಿಸ್ಟರಿಗೆ ಬರುವುದೇ ಇಲ್ಲ.

ಮತ್ತೆ ಕೇಳಿದ್ದು: ಮೆಡಿಕಲ್ ಶಾಪ್, ಮೂಡಿಗೆರೆ ತಾಲ್ಲೂಕು

ತುಂಬಾ ಉಪಕಾರವಾಯಿತು. ಇನ್ನೆರಡು. ಕುಡಿಸಿದ್ದೆಲ್ಲ ವಾಂತಿ ಆಗುತ್ತಿದ್ದರೆ? ರುಚಿಗೆ ಅಂತ ಟೆಟ್ರಾ ಪ್ಯಾಕಿನ ಪಾನೀಯ ಕೇಳಿದರೆ ಕೊಡಬಹುದಾ?

ಉತ್ತರ: ಮಕ್ಕಳ ವೈದ್ಯೆ, ಹಾಸನ

ವಾಂತಿಯಾದರೆ 10 ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚ. ಲೋಟ ಎತ್ತಿ ಗಟಗಟ ಕುಡಿಸುವುದರಿಂದಲೇ ಎಷ್ಟೋ ಸಲ ವಾಂತಿ ಆಗುವುದು. ಹಾಗೆ ಕೊಟ್ಟರೂ ಏನೂ ನಿಲ್ಲದಿದ್ದರೆ ಆಸ್ಪತ್ರೆಗೆ.

ಟೆಟ್ರಾ ಪ್ಯಾಕ್ ಬೇಡ. ಸರಿಯಾದ ಓಆರ್‌ಎಸ್‌ನಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಗ್ಲೂಕೋಸ್ ಕರುಳಿನ ಗೋಡೆ ದಾಟುವಾಗ ಸೋಡಿಯಂ ಜೊತೆಗೆ ಹೋಗುತ್ತದೆ, ಅವುಗಳ ಹಿಂದೆ ನೀರು. ಸಿಹಿ ಪಾನೀಯದಲ್ಲಿ ಸಕ್ಕರೆ ವಿಪರೀತ, ಉಪ್ಪು ಕಡಿಮೆ. ಹೆಚ್ಚಿದ ಸಕ್ಕರೆ ನೀರನ್ನು ಕರುಳಿನೊಳಕ್ಕೇ ಎಳೆದು ಭೇದಿ ಜಾಸ್ತಿ ಮಾಡುತ್ತದೆ. ಇಂಥ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಹಾಕಬಾರದೆಂದು 2025ರ ಅಕ್ಟೋಬರಿನಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಆದೇಶವೇ ಮಾಡಿದೆ. ಪ್ಯಾಕೆಟ್ಟಿನ ಮೇಲೆ ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಸೂತ್ರ ಎಂದಿದೆಯಾ ನೋಡಿ.

ಊಟ ನಿಲ್ಲಿಸಬೇಡಿ ಅನ್ನುವುದನ್ನು ಮರೆಯದೆ ಹೇಳಿ. ಮೊಲೆಹಾಲು ಎಂದಿನಂತೆ, 6 ತಿಂಗಳು ತುಂಬಿದ ಮಗುವಿಗೆ ಗಂಜಿ, ಮೊಸರನ್ನ, ಬೇಳೆ ಕಟ್ಟು ಹಾಕಿದ ಮೆತ್ತನೆ ಅನ್ನ, ಸ್ವಲ್ಪ ಸ್ವಲ್ಪ, ಪದೇಪದೇ. ಭೇದಿ ನಿಂತ ಮೇಲೆ ಎರಡು ವಾರ ದಿನಕ್ಕೆ ಒಂದು ಹೊತ್ತು ಹೆಚ್ಚು ಊಟ.