ಅವಧಿಯ ನಡುವೆ ಏಜೆಂಟ್ ಬಾಡಿಗೆ ಏರಿಸಿದ ವಿಚಾರ: ಉತ್ತರ ಕೊಡುವ ಮುಂಚೆ ಎಲ್ಲರೂ ಓದಿ

ಮೂರನೇ ಕ್ರಾಸ್, ಮಹಡಿ ಮನೆ:
ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ತುಂಬಾ ಜನ ಫೋನ್ ಮಾಡುತ್ತಿದ್ದೀರಿ. ಅದಕ್ಕೇ ಇಲ್ಲಿ ಒಂದೇ ಕಡೆ ಬರೆಯುತ್ತಿದ್ದೇನೆ. ನಮ್ಮ ಬಡಾವಣೆಯ ಹಲವು ಮನೆಗಳನ್ನು ನೋಡಿಕೊಳ್ಳುವ ಏಜೆಂಟ್ ವಾಟ್ಸಾಪ್‌ನಲ್ಲಿ ಒಂದೇ ಸಂದೇಶ ಎಲ್ಲರಿಗೂ ಕಳಿಸಿದ್ದಾರೆ. ಮುಂದಿನ ತಿಂಗಳಿನಿಂದ 1,500 ರೂಪಾಯಿ ಜಾಸ್ತಿ ಕೊಡಬೇಕಂತೆ. ಆಗದಿದ್ದರೆ ತಿಂಗಳ ಕೊನೆಗೆ ಖಾಲಿ ಮಾಡಬೇಕಂತೆ.

ನಮ್ಮ ಅಗ್ರಿಮೆಂಟ್ 11 ತಿಂಗಳಿನದು. ಅವಧಿ ಮುಗಿಯಲು ಇನ್ನೂ ಅರ್ಧ ವರ್ಷ ಇದೆ. ಬಾಡಿಗೆ 8,500 ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿದೆ. ಅವಧಿ ಮುಗಿದು ಮುಂದುವರಿದರೆ ಶೇಕಡ 5 ಏರಿಕೆ ಎಂದೂ ಇದೆ. ನಡುವೆ ಏರಿಸಬಹುದು ಎಂದು ಯಾವ ಸಾಲಿನಲ್ಲೂ ಇಲ್ಲ.

ಹಾಸನದ ಸಾಲಗಾಮೆ ರಸ್ತೆಯ ಈ ಭಾಗದಲ್ಲಿ ಬಾಡಿಗೆಗೆ ಇರುವವರು ಯಾರು ಎಂದು ನಮಗೆಲ್ಲ ಗೊತ್ತು. ಮಕ್ಕಳ ಓದಿಗೆಂದು ಸಕಲೇಶಪುರ, ಅರಕಲಗೂಡು ಕಡೆಯಿಂದ ಬಂದು ಮನೆ ಮಾಡಿದವರು. ಆಸ್ಪತ್ರೆಯಲ್ಲಿ ಪಾಳಿ ಕೆಲಸ ಮಾಡುವವರು. ಗಾರ್ಮೆಂಟ್ಸ್‌ಗೆ ಬೆಳಿಗ್ಗೆ ಬಸ್ ಹಿಡಿಯುವವರು. ಅವರಿಗೆ 1,500 ಸಣ್ಣ ಮೊತ್ತ ಅಲ್ಲ. ಹೆದರಿ ಆಗಲೇ ‘ಸರಿ’ ಎಂದು ಉತ್ತರ ಕಳಿಸಿದವರೂ ಇದ್ದಾರೆ. ದಯವಿಟ್ಟು ಉಳಿದವರು ಹಾಗೆ ಮಾಡಬೇಡಿ. ಕರಾರು ಆಗಿರುವುದು ನಮಗೂ ಓನರ್‌ಗೂ ನಡುವೆ. 1872ರ ಕರಾರು ಕಾಯ್ದೆಯ 62ನೇ ಕಲಂ ಪ್ರಕಾರ ಆಗಿರುವ ಕರಾರು ಬದಲಾಗಬೇಕಾದರೆ ಎರಡೂ ಕಡೆಯವರು ಒಪ್ಪಬೇಕು. ಏಜೆಂಟ್ ಒಬ್ಬರೇ ಬದಲಾಯಿಸುವಂತಿಲ್ಲ. ಓನರ್ ಒಬ್ಬರೇ ಕೂಡ ಬದಲಾಯಿಸುವಂತಿಲ್ಲ. ಆದರೆ ನೀವು ‘ಸರಿ’ ಎಂದರೆ ಅದೇ ನಿಮ್ಮ ಒಪ್ಪಿಗೆ ಆಗಿಬಿಡಬಹುದು.

ಮೊದಲನೇ ಕ್ರಾಸ್, ಮೂಲೆ ಮನೆ:
ನಮಗೂ ಅದೇ ಸಂದೇಶ ಬಂದಿದೆ. ಎಲ್ಲರೂ ಸೇರಿ ಬಾಡಿಗೆ ಕೊಡುವುದನ್ನೇ ನಿಲ್ಲಿಸೋಣ. ಆಗ ಓನರ್‌ಗಳೇ ಹುಡುಕಿಕೊಂಡು ಬರುತ್ತಾರೆ.

ಮೂರನೇ ಕ್ರಾಸ್, ಮಹಡಿ ಮನೆ:
ಅದೊಂದು ಬೇಡ. ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ಆದರೆ ಬಾಡಿಗೆ ನಿಲ್ಲಿಸಿದರೆ ತಪ್ಪು ನಮ್ಮ ಕಡೆಗೆ ತಿರುಗುತ್ತದೆ. ಬಾಡಿಗೆ ಬಾಕಿ ಇದೆ ಎಂಬುದೇ ನಮ್ಮಿಂದ ಮನೆ ಬಿಡಿಸಲು ಅವರಿಗೆ ಕಾರಣ ಆಗುತ್ತದೆ. ಹಳೆಯ ಮೊತ್ತವನ್ನೇ, ಅದೇ ತಾರೀಖಿಗೆ, ಅಗ್ರಿಮೆಂಟಿನಲ್ಲಿ ಇರುವ ಖಾತೆಗೇ ಹಾಕಿ. ಯಾವ ತಿಂಗಳ ಬಾಡಿಗೆ ಎಂದು ಟಿಪ್ಪಣಿಯಲ್ಲಿ ಬರೆಯಿರಿ. ಇಷ್ಟು ದಿನ ನಗದು ಕೊಡುತ್ತಿದ್ದವರು ರಸೀದಿ ಇಲ್ಲದೆ ಇನ್ನು ಮುಂದೆ ಕೊಡಬೇಡಿ. ಹಣ ತೆಗೆದುಕೊಳ್ಳಲ್ಲ ಎಂದರೆ ಓನರ್ ವಿಳಾಸಕ್ಕೆ ಮನಿ ಆರ್ಡರ್ ಮಾಡಿ. ಅದು ವಾಪಸ್ ಬಂದರೂ ನಾವು ಕೊಡಲು ಸಿದ್ಧ ಇದ್ದೆವು ಎಂಬುದಕ್ಕೆ ಚೀಟಿ ಇರುತ್ತದೆ.

ಐದನೇ ಕ್ರಾಸ್, ಕೆಳಗಿನ ಮನೆ:
ನಮ್ಮ ಅಗ್ರಿಮೆಂಟ್ ಮುಗಿದು ಎರಡು ತಿಂಗಳಾಯಿತು. ಯಾರೂ ಕೇಳಲಿಲ್ಲ, ಹಾಗೇ ಇದ್ದೇವೆ. ಬಾಡಿಗೆ ತೆಗೆದುಕೊಳ್ಳುತ್ತಿದ್ದಾರೆ. ನಮ್ಮ ಗತಿ ಏನು?

ಎರಡನೇ ಕ್ರಾಸ್, ವಕೀಲರ ಮನೆ:
ಇದಕ್ಕೆ ನಾನು ಉತ್ತರಿಸುತ್ತೇನೆ. ಅವಧಿ ಮುಗಿದ ಮೇಲೂ ಓನರ್ ಬಾಡಿಗೆ ತೆಗೆದುಕೊಂಡಿದ್ದರೆ, ಬೇರೆ ಒಪ್ಪಂದ ಇಲ್ಲದಾಗ ನಿಮ್ಮದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಕಲಂ. ಅದನ್ನು ನಿಲ್ಲಿಸಲು 106ನೇ ಕಲಂ ಪ್ರಕಾರ 15 ದಿನದ ಲಿಖಿತ, ಸಹಿ ಇರುವ ನೋಟಿಸ್ ಬೇಕು. ಬಾಯಿಮಾತಿನಲ್ಲಿ ಬಾಡಿಗೆಗೆ ಇರುವವರಿಗೂ ಸಾಮಾನ್ಯವಾಗಿ ಇದೇ. ಆದರೆ ನಿಜ ಹೇಳಬೇಕು: ನಿಮ್ಮ ಸ್ಥಾನ ಅವಧಿ ಬಾಕಿ ಇರುವವರಷ್ಟು ಗಟ್ಟಿ ಅಲ್ಲ. ಓನರ್ ಕ್ರಮವಾಗಿ ನೋಟಿಸ್ ಕೊಟ್ಟು ಹೊಸ ಬಾಡಿಗೆ ಕೇಳಬಹುದು. ಆದ್ದರಿಂದ ನೀವು ಮಾತುಕತೆಗೆ ಕೂರುವುದು ಒಳ್ಳೆಯದು. ನೋಟಿಸ್ ದಿನ ಮುಗಿದರೂ ಕೈಯಾರೆ ಹೊರಹಾಕುವ ಹಾಗಿಲ್ಲ, ಕೋರ್ಟಿಗೆ ಹೋಗಬೇಕು.

ಇನ್ನೊಂದು. ಅಗ್ರಿಮೆಂಟ್ ಇರುವವರು ಇವತ್ತೇ ನೋಟಿಸ್ ಷರತ್ತನ್ನು ಓದಿ. ‘ಯಾವುದೇ ಪಕ್ಷ ಒಂದು ತಿಂಗಳ ನೋಟಿಸ್ ಕೊಟ್ಟು ಕರಾರು ಮುಗಿಸಬಹುದು’ ಎಂದು ಹೆಚ್ಚಿನವುಗಳಲ್ಲಿ ಇರುತ್ತದೆ. ಅದು ಓನರ್‌ಗೂ ಇರುವ ಹಕ್ಕು. ಬಾಡಿಗೆ ಏರಿಸಲು ಆಗದಿದ್ದರೂ ಆ ಷರತ್ತಿನಂತೆ ಮನೆ ಬಿಡಿ ಎನ್ನಬಹುದು. ಇದನ್ನು ತಿಳಿದುಕೊಂಡೇ ಮಾತಾಡಿ.

ನಾಲ್ಕನೇ ಕ್ರಾಸ್, ಹೊಸದಾಗಿ ಬರುವವರು:
ಸರ್, ಬಾಡಿಗೆ ಕಾಯ್ದೆ ಅಂತ ಇದೆಯಲ್ವಾ? ಅದರಲ್ಲಿ ದೂರು ಕೊಡಬಹುದಾ?

ಎರಡನೇ ಕ್ರಾಸ್, ವಕೀಲರ ಮನೆ:
1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ. ಆದರೆ ತಿಂಗಳ ಬಾಡಿಗೆ 3,500 ದಾಟಿದರೆ ಅದು ಎಲ್ಲೂ ಅನ್ವಯಿಸುವುದಿಲ್ಲ. ಸಣ್ಣ ಊರುಗಳಿಗೆ ಮಿತಿ ಇನ್ನೂ ಕಡಿಮೆ, 2,000. ನಮ್ಮ ಬಡಾವಣೆಯಲ್ಲಿ ಆ ದರಕ್ಕೆ ಮನೆ ಎಲ್ಲಿದೆ? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯನ್ನೂ ಕೆಲವರು ಹೇಳುತ್ತಾರೆ. ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾಯ್ದೆಯಾಗಿ ತರದೆ ಇಲ್ಲಿ ಕಾನೂನಾಗುವುದಿಲ್ಲ. ಪತ್ರದಲ್ಲಿ ಇವೆರಡನ್ನೂ ಬರೆಯಬೇಡಿ. ನಮಗೆ ಆಧಾರ ನಮ್ಮ ಅಗ್ರಿಮೆಂಟ್.

ನಾಲ್ಕನೇ ಕ್ರಾಸ್, ಹೊಸದಾಗಿ ಬರುವವರು:
ನಾವಿನ್ನೂ ಮನೆಗೆ ಬಂದೇ ಇಲ್ಲ. 9,000 ಎಂದು ಮಾತಾಗಿ ಟೋಕನ್ ಹಣ ಕೊಟ್ಟಿದ್ದೇವೆ. ಈಗ ಕೀ ಕೊಡುವಾಗ 10,500 ಅನ್ನುತ್ತಿದ್ದಾರೆ. ಓನರ್ ಒಪ್ಪಲಿಲ್ಲವಂತೆ.

ಎರಡನೇ ಕ್ರಾಸ್, ವಕೀಲರ ಮನೆ:
9,000 ಎಂದು ಒಪ್ಪಿದ ಸಂದೇಶ, ಹಣ ಹೋದ ದಾಖಲೆ, ಎರಡನ್ನೂ ಅಳಿಸಬೇಡಿ. ಸ್ಕ್ರೀನ್‌ಶಾಟ್ ಜೊತೆಗೆ ಮೂಲ ಸಂದೇಶ ಫೋನಿನಲ್ಲೇ ಇರಲಿ. ತನ್ನ ಪರವಾಗಿ ಬಾಡಿಗೆ ಮಾತಾಡಲು ಓನರ್ ಏಜೆಂಟ್‌ಗೆ ಬಿಟ್ಟಿದ್ದರೆ, ಆ ಮಾತು ಓನರ್‌ಗೂ ಅಂಟುತ್ತದೆ. ನೀವು ಲಿಖಿತವಾಗಿ ಕೇಳಿ: ಒಪ್ಪಿದ ಬಾಡಿಗೆಗೆ ಮನೆ ಕೊಡಿ, ಇಲ್ಲವೇ ಟೋಕನ್ ಪೂರ್ತಿ ವಾಪಸ್ ಕೊಡಿ. ಹಳೆಯ ಮನೆಯನ್ನು ಮಾತ್ರ ಇದು ತೀರ್ಮಾನ ಆಗುವ ತನಕ ಬಿಡಬೇಡಿ.

ಮೊದಲನೇ ಕ್ರಾಸ್, ಓನರ್:
ನಾನು ಇಲ್ಲಿ ಎರಡು ಮನೆ ಬಾಡಿಗೆಗೆ ಕೊಟ್ಟವಳು. ಇದನ್ನು ಓದಿ ನನ್ನ ಬಾಡಿಗೆದಾರರಿಗೆ ಈಗಷ್ಟೇ ಫೋನ್ ಮಾಡಿದೆ. ಅವರಿಗೂ ಅದೇ ಸಂದೇಶ ಹೋಗಿದೆ. ನಾನು ಏರಿಸಲು ಹೇಳಿಯೇ ಇಲ್ಲ. ಒಂದು ಮನೆಯವರು ಹೋದ ತಿಂಗಳೇ ಜಾಸ್ತಿ ಕೊಟ್ಟಿದ್ದಾರೆ, ಆದರೆ ನನ್ನ ಖಾತೆಗೆ ಬಂದಿದ್ದು ಹಳೆಯ ಬಾಡಿಗೆ. ಅವರ ಹೆಚ್ಚಿನ ಹಣವನ್ನು ಮುಂದಿನ ತಿಂಗಳಿಗೆ ಹಿಡಿದುಕೊಳ್ಳುತ್ತೇನೆ. ಏಜೆಂಟ್ ಜೊತೆ ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ನಮಗೂ ತೆರಿಗೆ, ಬಣ್ಣ, ನಲ್ಲಿ ರಿಪೇರಿ ಎಂದು ಖರ್ಚು ಇರುತ್ತದೆ. ಅವಧಿ ಮುಗಿದಾಗ ಖಂಡಿತ ಏರಿಕೆ ಕೇಳುತ್ತೇನೆ. ಆದರೆ ನಡುವೆ ಕೇಳುವುದು ನ್ಯಾಯ ಅಲ್ಲ.

ಮೂರನೇ ಕ್ರಾಸ್, ಮಹಡಿ ಮನೆ:
ಅಮ್ಮಾ, ನೀವು ಮುಂದೆ ಬಂದು ಹೇಳಿದ್ದು ದೊಡ್ಡ ಉಪಕಾರ. ಎಲ್ಲರೂ ಗಮನಿಸಿ. ಮೊದಲು ಓನರ್‌ಗೆ ನೇರವಾಗಿ ಕೇಳಿ. ನಂಬರ್ ಇಲ್ಲದವರು ಅಗ್ರಿಮೆಂಟಿನ ಮೊದಲ ಪುಟ ನೋಡಿ, ಓನರ್ ವಿಳಾಸ ಇರುತ್ತದೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಏಜೆಂಟ್‌ಗೂ ಒಂದು ಪ್ರತಿ ಇರಲಿ. ಪತ್ರ ಇಷ್ಟು ಸಾಕು:

‘ಇಂಥ ತಾರೀಖಿನ ಅಗ್ರಿಮೆಂಟ್ ಪ್ರಕಾರ ಬಾಡಿಗೆ ಇಷ್ಟು, ಅವಧಿ ಇಲ್ಲಿಯವರೆಗೆ. ಇಂಥ ದಿನ ನಿಮ್ಮ ಏಜೆಂಟ್ ಏರಿಕೆ ಕೇಳಿದ್ದಾರೆ. ಇದಕ್ಕೆ ನಾನು ಒಪ್ಪಿಲ್ಲ. ಒಪ್ಪಿದ ಬಾಡಿಗೆಯನ್ನು ತಪ್ಪದೆ ಕೊಡುತ್ತಿದ್ದೇನೆ, ಮುಂದೆಯೂ ಕೊಡುತ್ತೇನೆ. ಈ ಏರಿಕೆ ನಿಮಗೆ ತಿಳಿದು ಆಗಿದೆಯೇ ಎಂದು ಲಿಖಿತವಾಗಿ ತಿಳಿಸಿ.’

ಬೈಗುಳ ಬೇಡ, ಬೆದರಿಕೆಯೂ ಬೇಡ.

ಆರನೇ ಕ್ರಾಸ್, ಹಿಂದಿನ ಮನೆ:
ಕೊಡದಿದ್ದರೆ ಕರೆಂಟ್ ತೆಗೆಸುತ್ತೇನೆ, ಬೀಗ ಹಾಕುತ್ತೇನೆ ಎಂದು ನನ್ನ ಹತ್ತಿರ ಹೇಳಿದ್ದಾರೆ. ನಾನು ಮಕ್ಕಳ ಜೊತೆ ಒಬ್ಬಳೇ ಇರುವುದು. ರಾತ್ರಿ ನಿದ್ದೆ ಬರುತ್ತಿಲ್ಲ.

ಎರಡನೇ ಕ್ರಾಸ್, ವಕೀಲರ ಮನೆ:
ಹೆದರಬೇಡಿ. ಬೀಗ ಹಾಕಲು ಬಂದರೆ ತಕ್ಷಣ 112ಕ್ಕೆ ಫೋನ್ ಮಾಡಿ, ಇಲ್ಲೂ ಸಂದೇಶ ಹಾಕಿ. ಕಾನೂನು ಕ್ರಮ ಇಲ್ಲದೆ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ಆರು ತಿಂಗಳೊಳಗೆ ದಾವೆ ಹಾಕಿ ಮನೆಯ ಸ್ವಾಧೀನ ವಾಪಸ್ ಕೇಳಬಹುದು. ನೀವು ಮಹಿಳೆ ಆಗಿರುವುದರಿಂದ ಆದಾಯ ಎಷ್ಟಿದ್ದರೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಕೇಳುವ ಹಕ್ಕಿದೆ. ಸಹಾಯವಾಣಿ 15100. ಕೋರ್ಟಿಗೆ ಹೋಗುವ ಮುಂಚೆಯೇ ಎರಡೂ ಕಡೆಯವರನ್ನು ಕರೆಸಿ ರಾಜಿ ಮಾಡಿಸುವುದೂ ಅಲ್ಲಿ ಆಗುತ್ತದೆ. ಗೃಹಜ್ಯೋತಿ ನಿಮ್ಮ ಹೆಸರಿನಲ್ಲಿ ಇದ್ದರೆ ಆ ಬಿಲ್ಲುಗಳನ್ನು ಎತ್ತಿಡಿ. ಆ ಮನೆಯಲ್ಲಿ ವಾಸ ಇದ್ದೀರಿ ಎಂಬುದಕ್ಕೆ ಅದೂ ಪುರಾವೆ.

ಆರನೇ ಕ್ರಾಸ್, ಎದುರು ಮನೆ:
ಅಕ್ಕಾ, ನಾವು ಎದುರಿಗೇ ಇದ್ದೇವೆ. ಯಾವ ಹೊತ್ತಿಗಾದರೂ ಕೂಗಿ.

ಮೂರನೇ ಕ್ರಾಸ್, ಮಹಡಿ ಮನೆ:
ಭಾನುವಾರ ಬೆಳಿಗ್ಗೆ 11ಕ್ಕೆ ನಮ್ಮ ಮನೆಯ ತಾರಸಿಯಲ್ಲಿ ಸೇರೋಣ. ಅಗ್ರಿಮೆಂಟ್, ಅಡ್ವಾನ್ಸ್ ಕೊಟ್ಟ ದಾಖಲೆ, ಬಾಡಿಗೆ ಕಟ್ಟಿದ ವಿವರ ತನ್ನಿ. ಒಬ್ಬೊಬ್ಬರ ಕಾಗದ ಒಂದೊಂದು ಥರ ಇರುತ್ತದೆ, ಹಾಗಾಗಿ ಪತ್ರವನ್ನು ಅವರವರ ಹೆಸರಿನಲ್ಲೇ ಬರೆಯೋಣ. ಆದರೆ ಎಲ್ಲವನ್ನೂ ಸೋಮವಾರ ಒಟ್ಟಿಗೇ ಅಂಚೆಗೆ ಹಾಕೋಣ. ‘ಸರಿ’ ಎಂದು ಉತ್ತರ ಕಳಿಸಿದವರೂ ಬನ್ನಿ. ಒತ್ತಡಕ್ಕೆ ಒಪ್ಪಿದ್ದು ಎಂದು ಈಗಲೇ ಬರೆದು ತಿಳಿಸುವುದು ಮುಖ್ಯ.

ಐದನೇ ಕ್ರಾಸ್, ಮಹಡಿ ಮನೆ:
ನನಗೆ ಅವತ್ತು ಆಸ್ಪತ್ರೆಯಲ್ಲಿ ಡ್ಯೂಟಿ. ಪಕ್ಕದ ಮನೆಯವರ ಕೈಯಲ್ಲಿ ಕಾಗದ ಕಳಿಸಲಾ?

ಮೂರನೇ ಕ್ರಾಸ್, ಮಹಡಿ ಮನೆ:
ಕಳಿಸಿ. ಜೆರಾಕ್ಸ್ ಮಾತ್ರ. ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ. ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಸಂಜೆ ನಾನೇ ಬರುತ್ತೇನೆ.